ಮುನ್ನೂರು ಗಜದ ಮಾತು

ಲಿಯಾಂಡರ್, ಟೆಕ್ಸಾಸ್
4 ಡಿಸೆಂಬರ್ 2016, ರವಿವಾರ

ಪ್ರೀತಿಯ ಅಣ್ಣಾ,

ಎಡಗಿವಿಗೆ ಹಾಕಿಸಿದ ಹೊಸ ಮಷಿನ್ ಸೀಟಿ ಹೊಡೆಯುವುದು ನಿಂತಿತೇ? ವೈನಿಯ ಮೊಣಕಾಲು ಈಗ ಮೆಟ್ಟಿಲಿಗೆ ಒಪ್ಪುತ್ತಿದೆಯೇ? ಇಲ್ಲಿ ನನ್ನ ಮನೆಯಾಕೆ ತುಳಸಿ ಆರಾಮ ಇದ್ದಾಳೆ. ನನ್ನ ಸಕ್ಕರೆ ಏರುತ್ತದೆ, ಇಳಿಯುತ್ತದೆ, ಪೆಟ್ರೋಲ್ ದರದ ಹಾಗೆ. ಫೋನ್ ಮಾಡಿದರೆ ನಿಮಗೆ ಅರ್ಧ ಕೇಳಿಸುತ್ತದೆ, ಉಳಿದರ್ಧವನ್ನು ವೈನಿ ತಮಗೆ ತೋಚಿದಂತೆ ತುಂಬಿಕೊಡುತ್ತಾರೆ. ಅದಕ್ಕೇ ಕಾಗದ. ಇನ್ನೊಂದು ಕಾರಣವೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಖರ್ಚು ಬರೆದುಬಿಡುತ್ತೇನೆ, ಹಾಗೆ ಶುರು ಮಾಡಿದರೇ ನನ್ನ ಕೈ ಓಡುವುದು. ಹೊಸ ರೈಫಲ್ಲಿಗೆ ಏಳುನೂರ ನಲವತ್ತು ಡಾಲರ್. ಅದರ ಮೇಲಿನ ಸ್ಕೋಪಿಗೆ ನಾನೂರು. ಇಪ್ಪತ್ತಿಪ್ಪತ್ತರ ನಾಲ್ಕು ಡಬ್ಬಿ ತೋಟಾಗಳಿಗೆ ನೂರ ನಲವತ್ತನಾಲ್ಕು. ಶಿಕಾರಿಯ ಲೈಸೆನ್ಸಿಗೆ ಇಪ್ಪತ್ತೈದು. ಲ್ಯಾನೋ ಊರಿನ ಆಚೆ ವೆಂಡೆಲ್ ಎಂಬ ಮುದುಕನ ಜಮೀನಿನಲ್ಲಿ ಈ ಸೀಸನ್ನಿಗೆ ಜಿಂಕೆ ಹೊಡೆಯುವ ಹಕ್ಕಿನಲ್ಲಿ ನನ್ನ ಪಾಲು ಸಾವಿರದ ಇನ್ನೂರು. ಒಟ್ಟು ಎರಡು ಸಾವಿರದ ಐದುನೂರ ಒಂಬತ್ತು. ಎಂಬತ್ತು ತೋಟಾಗಳಲ್ಲಿ ಖರ್ಚಾದದ್ದು ಹದಿನೈದು. ಹದಿನಾಲ್ಕನ್ನು ನಿಮ್ಮ ಮಗಳು ಅನಘಾ ಗುರಿ ಹೊಂದಿಸಲು ಹಾರಿಸಿದಳು, ಒಂದನ್ನು ನಾನು ಹಾರಿಸಿದೆ. ಮನೆಗೆ ಬಂದ ಮಾಂಸ ಸೊನ್ನೆ. ಕಳೆದ ಮಂಗಳವಾರ ನೀವು ಅನಘಾಗೆ ಕಳಿಸಿದ ಎರಡು ಸಾಲನ್ನು ಇದರಲ್ಲಿ ಸೇರಿಸಿಲ್ಲ. ಅದಕ್ಕೆ ಬೆಲೆ ಹಾಕಲು ನನಗೆ ಬರುವುದಿಲ್ಲ. ಆ ಸಾಲುಗಳು ಬರಬೇಕಾಗಿದ್ದು ನನಗೆ, ಅಣ್ಣಾ.

ತೋಟಾ ಆರಿಸಿದ ಕಥೆ ಕೇಳಿ. ನವೆಂಬರ್ ಬಂತೆಂದರೆ ನನ್ನ ಬಂಕಿನಲ್ಲಿ ಪೆಟ್ರೋಲಿಗಿಂತ ಗೋವಿನಜೋಳದ ಚೀಲಗಳೇ ಜೋರಾಗಿ ಹೋಗುತ್ತವೆ. ಇಲ್ಲಿ ಶಿಕಾರಿ ಎಂದರೆ ಯಂತ್ರವೊಂದು ಹೊತ್ತಿಗೆ ಸರಿಯಾಗಿ ಜೋಳ ಉದುರಿಸುತ್ತದೆ, ಜಿಂಕೆ ಊಟಕ್ಕೆ ಬರುತ್ತದೆ, ಮನುಷ್ಯ ಹಲಗೆಯ ಗೂಡಿನಲ್ಲಿ ಬಂದೂಕು ಹಿಡಿದು ಕೂತಿರುತ್ತಾನೆ. (ನೀವು ನಗುವುದು ನನಗೆ ಇಲ್ಲಿಂದಲೇ ಕಾಣುತ್ತದೆ.) ಚೀಲ ಒಯ್ಯಲು ಬಂದವರು ಕೌಂಟರಿಗೆ ಒರಗಿ ಯಾವ ತೋಟಾ ಒಳ್ಳೆಯದೆಂದು ಜಗಳವಾಡುತ್ತಾರೆ. ಹದಿನಾಲ್ಕು ವರ್ಷ ಅದನ್ನೇ ಕೇಳಿ ಕೇಳಿ, ಒಂದು ಮೊಲವನ್ನೂ ಹೊಡೆಯದ ನಾನು ಅವರಿಗೆ ಪಂಚನಾಗಿಬಿಟ್ಟಿದ್ದೆ. ತ್ರೀ-ನಾಟ್-ಎಯ್ಟ್ ಎಂದರೆ ಹಳೆಯ ಲಾರಿ, ಯಾವ ಊರಿನಲ್ಲಾದರೂ ಸಾಮಾನು ಸಿಗುತ್ತದೆ, ಆದರೆ ಭುಜಕ್ಕೆ ಒದೆಯುತ್ತದೆ. ಸಿಕ್ಸ್-ಪಾಯಿಂಟ್-ಫೈವ್ ಕ್ರೀಡ್‌ಮೋರ್ ಹೊಸ ಕಾರು, ಒದೆ ಕಡಿಮೆ, ಗಾಳಿಗೆ ಅಷ್ಟು ಸರಿಯುವುದಿಲ್ಲ, ದೂರ ಹೋದಷ್ಟೂ ಅದರ ಲಾಭ ಕಾಣುತ್ತದೆ. ಥರ್ಟಿ-ಥರ್ಟಿ ಅಜ್ಜಂದಿರ ಕಾಲದ್ದು, ನೂರೈವತ್ತು ಗಜ ದಾಟಿದರೆ ಎಸೆದ ಕಲ್ಲಿನ ಹಾಗೆ ನೆಲಕ್ಕಿಳಿಯುತ್ತದೆ. ಹೀಗೆಲ್ಲ ತೀರ್ಪು ಕೊಡುತ್ತಿದ್ದೆ. ನಡುವೆ ನಿಮ್ಮನ್ನೂ ಎಳೆದು ತರುತ್ತಿದ್ದೆ: ನನ್ನ ಅಣ್ಣ ಸುಬೇದಾರ, ಹನ್ನೊಂದು ವರ್ಷ ಹೊಸ ಸಿಪಾಯಿಗಳಿಗೆ ಗುರಿ ಕಲಿಸಿದವರು, ಮುನ್ನೂರು ಗಜ ಎಂದರೆ ನಮ್ಮ ಮನೆತನಕ್ಕೆ ಅಂಗಳ. ಕಿವಿ ಹೋದದ್ದು ನಿಮ್ಮದು, ಹೆಸರು ತೆಗೆದುಕೊಂಡವನು ನಾನು.

ಹೀಗೆ ಮಾತಾಡಿದವನು ಅಜ್ಜನ ಕಾಲದ ಬಂದೂಕು ಹಿಡಿದು ಹೋಗಲು ಆಗುತ್ತದೆಯೇ? ಗಿರಾಕಿಯೊಬ್ಬನಿಂದ ಕೊಂಡ ಥರ್ಟಿ-ಥರ್ಟಿ ಬಂದೂಕು ಮನೆಯಲ್ಲಿತ್ತು. ವಾರಕ್ಕೊಮ್ಮೆ ಆಸ್ಟಿನ್ನಿನ ಯೂನಿವರ್ಸಿಟಿಯಿಂದ ಊಟಕ್ಕೆ ಬರುವ ಅನಘಾ ಅದನ್ನು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ, ಇದೇ ಸಾಕು ಎಂದಿದ್ದಳು. “ಕಾಕಾ, ಜೋಳದ ಮಷಿನ್ ಇರೂದು ತೊಂಬತ್ತು ಗಜದಾಗ. ಮುನ್ನೂರು ಗಜದ ತೋಟಾ ಯಾಕ ಬೇಕ್ರೀ ನಿಮಗ?” ಬೇಕಾಗಿದ್ದದ್ದು ಮಾತಿಗೆ. ಕ್ರೀಡ್‌ಮೋರ್ ಕೊಂಡೆ. ಅವಳು ಬೇಸರ ಮಾಡಿಕೊಳ್ಳದೆ ಒಂದು ಶನಿವಾರ ಪೂರ್ತಿ ರೇಂಜಿನಲ್ಲಿ ಕೂತು, ನೀವು ಕಲಿಸಿದ ಹಾಗೆ ಮೊದಲು ಎರಡು, ಆಮೇಲೆ ಮೂರು ಮೂರು ಹಾರಿಸಿ, ಸ್ಕೋಪಿನ ತಿರುಪು ತಿರುಗಿಸಿ, ಕೊನೆಗೆ ನೂರು ಗಜದಲ್ಲಿ ಗುಂಡುಗಳನ್ನು ಒಂದು ರೂಪಾಯಿ ನಾಣ್ಯದ ಅಗಲಕ್ಕೆ ತಂದಳು. ಆ ಕಾಗದದ ಗುರಿಯನ್ನು ನಿಮಗೆ ತೋರಿಸಲು ಎತ್ತಿಟ್ಟುಕೊಂಡಿದ್ದಳು. ನೀವೂ ಎರಡು ಹಾರಿಸಿರಿ ಕಾಕಾ ಎಂದಳು. ಅಂಗಡಿ ಬಿಟ್ಟು ಬಂದಿದ್ದೇನೆ, ಹೊತ್ತಿಲ್ಲ ಎಂದೆ.

ನವೆಂಬರ್ ಇಪ್ಪತ್ತಾರು, ಶನಿವಾರ. ಗೂಡಿನಲ್ಲಿ ನಾನು, ಪಕ್ಕದಲ್ಲಿ ರಾಜಗೋಪಾಲ. ಅವನು ಹ್ಯೂಸ್ಟನ್ನಿನವನು, ಅಲ್ಲಿನ ಎನರ್ಜಿ ಕಾರಿಡಾರ್ ಎಂಬ ಬಡಾವಣೆಯ ಎಣ್ಣೆ ಕಂಪನಿಯಲ್ಲಿ ದೊಡ್ಡ ಕೆಲಸ, ವೆಂಡೆಲನ ಜಮೀನಿನಲ್ಲಿ ನನ್ನ ಪಾಲುದಾರ, ಮೈಸೂರಿನ ನಯದ ಮಾತು. ಅನಘಾ ಹಳೆಯ ಥರ್ಟಿ-ಥರ್ಟಿ ಹಿಡಿದು ಇನ್ನೊಂದು ಗೂಡಿನಲ್ಲಿದ್ದಳು. ಒಂದೂವರೆ ತಾಸು ಕೂತರೂ ಜೋಳಕ್ಕೆ ಯಾವ ಪ್ರಾಣಿಯೂ ಬರಲಿಲ್ಲ. ಆಮೇಲೆ ದೂರದ ಬೇಲಿಯ ಹತ್ತಿರ ಒಳ್ಳೆಯ ಕೊಂಬಿನ ಗಂಡು ಜಿಂಕೆಯೊಂದು ಅಡ್ಡ ನಿಂತಿತು. ರಾಜಗೋಪಾಲ ದೂರ ಅಳೆಯುವ ಯಂತ್ರ ಕಣ್ಣಿಗೆ ಹಿಡಿದು, ಸರಿಯಾಗಿ ಮುನ್ನೂರು ಎಂದ. ನಾನು ಸ್ಕೋಪಿನಿಂದ ಕಣ್ಣು ತೆಗೆದೆ. “ಏನ್ ಸಾಹುಕಾರ್ರೇ, ಮುನ್ನೂರು ಅಂದ್ರೆ ನಿಮ್ಮನೆ ಅಂಗಳ ಅಲ್ವೇ? ಇಲ್ಲ ಬರೀ ಕೌಂಟರ್ ಮೇಲೆ ಮಾತ್ರ ಹೊಡೆಯೋದೋ?” ಎಂದು ಪಿಸುಗುಟ್ಟಿದ. ತೋಟಾದ ಡಬ್ಬಿಯ ಮೇಲಿನ ಕೋಷ್ಟಕ ನನಗೆ ಬಾಯಿಪಾಠವಿತ್ತು: ಮುನ್ನೂರು ಗಜಕ್ಕೆ ಗುಂಡು ಏಳು ಇಂಚು ಇಳಿಯುತ್ತದೆ. ಏಳು ಇಂಚು ಮೇಲೆ ಹಿಡಿದೆ, ಬಂದೂಕಿನ ಕುದುರೆ ಎಳೆದೆ.

ಆ ಏಳು ಇಂಚಿನ ಲೆಕ್ಕ, ಗುರಿಯನ್ನು ಇನ್ನೂರು ಗಜಕ್ಕೆ ಹೊಂದಿಸಿದ ರೈಫಲ್ಲಿನದು. ಅನಘಾ ಮಾಡಿದಂತೆ ನೂರಕ್ಕೆ ಹೊಂದಿಸಿದ್ದರೆ ಅದೇ ಗುಂಡು ಹನ್ನೆರಡು ಇಂಚು ಇಳಿಯುತ್ತದೆ. ಡಬ್ಬಿಯ ಮೇಲೆಯೇ ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆ. ಜೀವನವಿಡೀ ಇನ್ನೊಬ್ಬರ ಖಾತೆಯಲ್ಲಿ ಆರಂಭದ ಶಿಲ್ಕು ನೋಡದೆ ಒಂದು ಅಂಕಿಯನ್ನೂ ನಂಬದ ನಾನು, ಒಂದು ಜೀವದ ವಿಷಯದಲ್ಲಿ ನೋಡಲಿಲ್ಲ. ಐದು ಇಂಚು ಕೆಳಗೆ ಹೋದ ಗುಂಡು ಜಿಂಕೆಯ ಮುಂಗಾಲನ್ನು ಮುರಿಯಿತು. ಅದು ಮೂರು ಕಾಲಿನ ಮೇಲೆ ಸೀಡರ್ ಪೊದೆಗಳೊಳಗೆ ಹೋಯಿತು.

ರಾಜಗೋಪಾಲನ ಬೂಟಿಗೆ ಮುಳ್ಳು ಆಗಿಬರುವುದಿಲ್ಲ, ನನಗೆ ಉಬ್ಬಸ. ಹುಡುಕಿದವಳು ಅನಘಾ. ರಕ್ತದ ಹನಿ ಕಂಡಲ್ಲೆಲ್ಲ ಕೊಂಬೆಗೆ ಕಾಗದದ ಚೂರು ಸಿಕ್ಕಿಸುತ್ತ, ಹನಿ ತಪ್ಪಿದಲ್ಲಿ ಹಿಂದೆ ಬಂದು ಮತ್ತೆ ಶುರುಮಾಡುತ್ತ ಐದು ತಾಸು ನಡೆದಳು. ಒಣಹಳ್ಳದಲ್ಲಿ ಅದು ಕೂತಿತ್ತಂತೆ, ಏಳಲು ನೋಡುತ್ತಿತ್ತಂತೆ. ನಲವತ್ತು ಗಜದಿಂದ ಥರ್ಟಿ-ಥರ್ಟಿಯ ಒಂದೇ ಗುಂಡಿನಲ್ಲಿ ಮುಗಿಸಿದಳು. ಆ ಸದ್ದು ನನಗೆ ಜೀಪಿನಲ್ಲಿ ಕೂತಲ್ಲಿಗೇ ಕೇಳಿಸಿತು. ಕೈಯಲ್ಲಿ ಕಾಫಿ ಇತ್ತು.

ವೆಂಡೆಲ್ ಬಂದ. ಅವನ ಜಮೀನಿನಲ್ಲಿ ಒಂದೇ ಕಟ್ಟಳೆ: ಗಾಯ ಮಾಡಿ ಬಿಟ್ಟವನಿಗೆ ಮುಂದಿನ ವರ್ಷ ಗೇಟು ತೆರೆಯುವುದಿಲ್ಲ. ಮುರಿದ ಕಾಲು ನೋಡಿ, ಇದು ಹೇಗಾಯಿತು ಎಂದು ಕೇಳಿದ. ರಾಜಗೋಪಾಲ ನನ್ನ ಮುಖ ನೋಡಿದ. ಆಗ ನಾನು ಹೇಳಿದೆ, ನನ್ನ ಗುರಿ ಸರಿಯಿತ್ತು, ರೈಫಲ್ ಹೊಂದಿಸಿದ್ದು ಹುಡುಗಿ, ಅದರಲ್ಲೇ ಏನೋ ತಪ್ಪಾಗಿದೆ. ಮಾತು ಅಷ್ಟು ಸಲೀಸಾಗಿ ಬಂತು, ಅಣ್ಣಾ, ಚಿಲ್ಲರೆ ಎಣಿಸಿ ಕೊಟ್ಟ ಹಾಗೆ. ಅನಘಾಳ ತೋಳು ಮೊಣಕೈವರೆಗೆ ಗೀರಿ ಹೋಗಿತ್ತು. ಅವಳು ಒಮ್ಮೆ ನನ್ನನ್ನು ನೋಡಿ, ಬಗ್ಗಿ, ಬೂಟಿನ ಮುಳ್ಳು ಕೀಳಲು ಕೂತಳು. ಗೇಟು ಮುಚ್ಚಿದ್ದು ಅವಳಿಗೆ. ಮಾಂಸವನ್ನು ವೆಂಡೆಲ್ ನನಗೆ ಕೊಡಲಿಲ್ಲ, ಚರ್ಚಿನ ಅಡುಗೆಮನೆಗೆ ಕಳಿಸಿದ. ಮಾರನೆಯ ದಿನ ರಾಜಗೋಪಾಲ ಇರ್ವಿಂಗಿನ ಒಂದು ನಾಮಕರಣದಲ್ಲಿ, ಸುಬೇದಾರರ ಮಗಳು ಗುರಿ ಕೆಡಿಸಿದ್ದನ್ನು ಪಾಯಸದ ಜೊತೆ ಬಡಿಸಿದನಂತೆ. ಸೋಮವಾರ ವೈನಿ ವಾಟ್ಸಾಪಿನಲ್ಲಿ ಶಿಕಾರಿ ಹೇಗಾಯಿತೆಂದು ಕೇಳಿದಾಗ ನಾನು ಅದೇ ಸುಳ್ಳನ್ನು ನಿಮ್ಮ ಮನೆಗೂ ಮುಟ್ಟಿಸಿದೆ.

ಗುರುವಾರ, ಅನಘಾ ಜೀಪಿನಲ್ಲಿ ಬಿಟ್ಟುಹೋಗಿದ್ದ ಜಾಕೀಟು ಕೊಡಲು ಆಸ್ಟಿನ್ನಿಗೆ ಹೋಗಿದ್ದೆ. ನಿಮ್ಮ ಸಾಲುಗಳನ್ನು ತೋರಿಸಿದಳು: “ಹೊಂದಸಾಕ ಬರದಿದ್ರ ರೈಫಲ್ ಮುಟ್ಟಬ್ಯಾಡ. ಎಲ್ಲೂ ನನ್ನ ಹೆಸರು ಹೇಳಬ್ಯಾಡ.” ಅಪ್ಪನಿಗೆ ನಿಜವನ್ನು ನೀವೇ ಹೇಳಿ ಎಂದು ನನ್ನನ್ನು ಬೇಡಲಿಲ್ಲ. ಅಪ್ಪಾ ನನ್ನ ಕೇಳಲೂ ಇಲ್ಲಲ್ಲ ಕಾಕಾ, ಎಂದಳು, ಅಷ್ಟೇ. ಹದಿನೇಳಕ್ಕೆ ಊರಿಗೆ ಹೊರಡುವ ಟಿಕೆಟನ್ನು ವಾಪಸು ಮಾಡುತ್ತಾಳಂತೆ. ನಾನು ಜಾಕೀಟು ಕುರ್ಚಿಯ ಮೇಲಿಟ್ಟು ಬಂದುಬಿಟ್ಟೆ. ನಿನ್ನೆ ರಾಜಗೋಪಾಲನಿಗೆ ಫೋನ್ ಮಾಡಿ ನಿಜ ಹೇಳಿದೆ. “ಬಿಡಿ ಸಾಹುಕಾರ್ರೇ, ಆ ಕಥೇನೇ ಚೆನ್ನಾಗಿತ್ತು” ಎಂದ. ನಾಳೆ ಲ್ಯಾನೋಗೆ ಹೋಗಿ ವೆಂಡೆಲನ ಎದುರು ನಿಲ್ಲುತ್ತೇನೆ.

ವೈನಿಗೆ ನಮಸ್ಕಾರ ತಿಳಿಸಿ, ಈ ಕಾಗದವನ್ನು ಅವರಿಗೂ ಓದಿ ಹೇಳಿ, ಏನನ್ನೂ ಬಿಡಬೇಡಿ. ನಿಮ್ಮ ಕಾಲು ಮುಟ್ಟುವ ಯೋಗ್ಯತೆ ಈ ಸಲ ನನಗಿಲ್ಲ, ದೂರದಿಂದಲೇ ಕೈ ಮುಗಿದಿದ್ದೇನೆ.

ನಿಮ್ಮ ತಮ್ಮ,
ಅಪ್ಪಾಸಾಹೇಬ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಮೇಲೆ ಓದಿದರೆ ನಾನು ಕೋಷ್ಟಕ ಸರಿಯಾಗಿ ನೋಡದೆ ತಪ್ಪಿದೆ ಎಂದು ನಿಮಗೆ ಅನ್ನಿಸಬಹುದು. ಲಕೋಟೆಯಲ್ಲಿರುವ ಚೀಟಿ ನೋಡಿ. ಅನಘಾ ಅದನ್ನು ರೈಫಲ್ಲಿನ ಹಿಡಿಕೆಗೆ ದಾರದಿಂದ ಕಟ್ಟಿದ್ದಳು, ಅಕ್ಷರ ಅವಳದೇ: “ಗುರಿ ನೂರು ಗಜಕ್ಕ ಹೊಂದಿಸೇನಿ. ಡಬ್ಬಿ ಲೆಕ್ಕ ಹಿಡೀಬ್ಯಾಡ್ರಿ. ನೂರೈವತ್ತು ದಾಟಿ ಹೊಡೀಬ್ಯಾಡ್ರಿ ಕಾಕಾ.” ಗೂಡಿಗೆ ಹತ್ತುವ ಮುಂಚೆ ಓದಿದ್ದೆ. ನೂರೈವತ್ತು ಎನ್ನುವುದು ರಾಜಗೋಪಾಲನ ಕಣ್ಣಿಗೆ ಬೀಳಬಾರದೆಂದು ಕಿತ್ತು ಜೇಬಿಗೆ ಹಾಕಿಕೊಂಡೆ. ವೆಂಡೆಲನಿಗೆ ಸುಳ್ಳು ಹೇಳುವಾಗಲೂ ಅದು ಜೇಬಿನಲ್ಲೇ ಇತ್ತು. ಕೊರಿಯರಿನಲ್ಲಿ ಹಾಕುತ್ತಿದ್ದೇನೆ, ಈ ವಾರದೊಳಗೆ ಬೆಳಗಾವಿ ಮುಟ್ಟುತ್ತದೆ. ಟಿಕೆಟ್ ವಾಪಸು ಮಾಡಲು ಅವಳಿಗೆ ಹದಿನೈದರವರೆಗೆ ಸಮಯವಿದೆ. ಅದಕ್ಕೆ ಮೊದಲು ನೀವು ಬರೆಯಬೇಕು.

ಲೆಕ್ಕ ಇಷ್ಟು. ವೆಂಡೆಲನಿಗೆ ಪಾಲಿನ ಹಣ. ಚರ್ಚಿಗೆ ನಲವತ್ತು ಪೌಂಡ್ ಮಾಂಸ. ರಾಜಗೋಪಾಲನಿಗೆ ಒಂದು ಕಥೆ. ನನಗೆ ಎಂಟು ದಿನದ ಮರ್ಯಾದೆ. ಜಿಂಕೆಗೆ ಐದು ತಾಸು. ಅನಘಾಗೆ ನಿಮ್ಮ ಎರಡು ಸಾಲು.