ದಾರ ಕಚ್ಚಿದ ಬಾಯಿ ಮಾತಾಡಿತಂತೆ

ಸಂಗ್ರಹಾಲಯದ ನಿರ್ದೇಶಕರಾದ ಮಾನ್ಯರೇ,

ನಿಮ್ಮ ಬೊಂಬೆಯಾಟದ ಪ್ರದರ್ಶನದಲ್ಲಿ ಗುಂಡಿ ಒತ್ತಿದರೆ ಕೇಳುವ ದನಿ ನನ್ನ ಅಜ್ಜನದಲ್ಲ, ಅಜ್ಜಿಯದು. ಪಕ್ಕದ ಬೋರ್ಡಿನಲ್ಲಿ ಅದನ್ನು ಅಜ್ಜನದೆಂದು ಬರೆಸಿದ್ದೀರಿ. ತಪ್ಪೆಂದು ಅಜ್ಜಿಯೇ ನಿಮ್ಮ ಕೊಠಡಿಗೆ ಬಂದು ಹೇಳಿದರೂ ತಿದ್ದಲಿಲ್ಲ. ಎದುರು ನಿಂತು ಜಗಳವಾಡಲು ನನಗೆ ನಾಲಗೆ ಏಳುವುದಿಲ್ಲ. ಅದಕ್ಕೇ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನೀವು ಬಹಳ ಓದಿದವರು. ಆದರೆ ನೀವೇ ಬರೆಸಿದ ಬೋರ್ಡುಗಳನ್ನು ಓದಿದಂತಿಲ್ಲ. ಮೊದಲನೆಯದರಲ್ಲಿ ಅಜ್ಜ "ಹಲ್ಲಿನಿಂದ ದಾರ ಎಳೆಯುವ ಅಪೂರ್ವ ತಂತ್ರದ ಹರಿಕಾರರು" ಎಂದಿದೆ. ನಿಜ. ಎರಡು ಕೈಯಲ್ಲಿ ಎರಡು ಬೊಂಬೆ ಆಡಿಸುತ್ತಲೇ ಅವನು ನರಿಯ ಬಾಲದ ದಾರವನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದ. ಅವನಿಗಿಂತ ಮೊದಲು ಯಾರ ನರಿಯೂ ಬಾಲ ಅಲ್ಲಾಡಿಸಿರಲಿಲ್ಲ. ಆ ದಾರದ ತುದಿಗೆ ಕಟ್ಟಿ ಅವನು ಕಚ್ಚುತ್ತಿದ್ದ ಮರದ ತುಂಡನ್ನು ಹಲ್ಲಿನ ಗುರುತಿನ ಸಮೇತ ಗಾಜಿನೊಳಗಿಟ್ಟು, ಮೇಲೊಂದು ದೀಪ ಬೇರೆ ಹಾಕಿಸಿದ್ದೀರಿ. ಸಂತೋಷ. ಅದರ ಪಕ್ಕಕ್ಕೇ ಇನ್ನೊಂದು ಬೋರ್ಡು: "ಅದೇ ವೇಳೆಗೆ ಎಲ್ಲ ಪಾತ್ರಗಳಿಗೂ ತಮ್ಮದೇ ಕಂಠದಿಂದ ಜೀವ ತುಂಬಿದವರು." ಅದೇ ವೇಳೆಗೆ! ಸ್ವಾಮಿ, ನಾಳೆ ಬೆಳಿಗ್ಗೆ ಬ್ರಷ್ಷನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮನೆಯವರನ್ನು ಕಾಫಿ ಕೇಳಿ ನೋಡಿ. ಕಾಫಿ ಬಂದರೆ ನಿಮ್ಮ ಬೋರ್ಡು ಸರಿ.

ದಾರ ಕಚ್ಚಿದ ಮೇಲೆ ಅಜ್ಜನ ಬಾಯಿಂದ ಬರುತ್ತಿದ್ದದ್ದು "ಹೂಂ" ಮತ್ತು "ಊಹೂಂ" ಎರಡೇ. ಮಾತೆಲ್ಲ ಅಜ್ಜಿಯದು. ಪರದೆಯ ಹಿಂದೆ, ಅವನ ಕಾಲಬುಡದಲ್ಲಿ ಮಣೆ ಹಾಕಿಕೊಂಡು ಕೂತು ರಾಜನಾಗಿ ಗದರುತ್ತಿದ್ದಳು, ಮಗುವಾಗಿ ಅಳುತ್ತಿದ್ದಳು, ನರಿಯಾಗಿ ನಗುತ್ತಿದ್ದಳು. ಅಜ್ಜ ಬಾಲ ಎಳೆಯುವುದು ತಡವಾದರೆ ನರಿಯ ದನಿಯಲ್ಲೇ, "ಯಾಕೋ ಇವತ್ತು ನನ್ನ ಬಾಲಕ್ಕೆ ನಿದ್ದೆ ಹತ್ತಿದೆ" ಅಂದುಬಿಡುತ್ತಿದ್ದಳು. ಜನ ಅದನ್ನೂ ಆಟವೆಂದೇ ತಿಳಿದು ನಗುತ್ತಿದ್ದರು. ನೀವು ಗುಂಡಿಗೆ ಜೋಡಿಸಿರುವ ಹಳೆಯ ಆಟದ ಟೇಪಿನಲ್ಲಿ ಆ ಮಾತೂ ಇದೆ. ಅಜ್ಜ ತನ್ನನ್ನೇ ತಾನು ಛೇಡಿಸಿಕೊಂಡನೆಂದು ತಿಳಿದಿರೋ? ಟೇಪು ಕೊಡುವಾಗಲೇ ನನ್ನ ಚಿಕ್ಕಪ್ಪ, "ಇದರಲ್ಲಿರೋದು ನಮ್ಮಮ್ಮನ ದನಿ" ಎಂದು ಹೇಳಿದ್ದ. ನಿಮ್ಮ ಕಡೆಯವರು ಚೆನ್ನಾಗಿ ತಲೆಯಾಡಿಸಿದರು. ನಮ್ಮ ಬೊಂಬೆಗಳೂ ಹಾಗೇ ಆಡಿಸುತ್ತವೆ.

ಪ್ರದರ್ಶನಕ್ಕೆ ಅಜ್ಜಿಯನ್ನು ನಾನೇ ಕರೆತಂದೆ. ಗುಂಡಿಯ ಹತ್ತಿರ ಒಬ್ಬ ತಾಯಿ ತಮ್ಮ ಮಗಳಿಗೆ, "ಕೇಳೇ, ಆ ತಾತ ಹೆಂಗಸಿನ ದನಿ ಎಷ್ಟು ಚೆನ್ನಾಗಿ ಮಾಡ್ತಾರೆ!" ಎಂದು ಬೆರಗಾಗುತ್ತಿದ್ದರು.

"ಹೌದಮ್ಮ, ಅವರಿಗೆ ನೆಗಡಿಯಾದ್ರೆ ಸೀನ್ತಿದ್ದಿದ್ದೂ ನಾನೇ" ಎಂದಳು ಅಜ್ಜಿ. ಆ ತಾಯಿ ಮಗಳನ್ನು ಸ್ವಲ್ಪ ಆಚೆಗೆ ಎಳೆದುಕೊಂಡರು.

ಆಮೇಲೆ ನಿಮ್ಮ ಕೊಠಡಿಗೆ ಬಂದೆವು. ಆ ದನಿ ತನ್ನದೆಂದು ಅಜ್ಜಿ ಹೇಳಿದಳು. ನೀವು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಬೋರ್ಡಲ್ಲಿ 'ತುಂಬಿದವರು' ಅಂತಿದೆ, ನೋಡಿ. ಬಹುವಚನ. ಅದ್ರಲ್ಲಿ ನೀವೂ ಬಂದ್ರಲ್ಲಮ್ಮ" ಎಂದಿರಿ. ನಾನು ಓದಿದ್ದು ಐದನೇ ತರಗತಿ. ಗಂಡನಿಗೆ ಕೊಟ್ಟ ಗೌರವದ ಬಹುವಚನದೊಳಗೆ ಹೆಂಡತಿಯನ್ನು ಸದ್ದಿಲ್ಲದೆ ತುರುಕಬಹುದೆಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ. ಅದು ಆರನೆಯದರ ಪಾಠವಿರಬೇಕು. ಅಜ್ಜಿ ಮಾತ್ರ ಥಟ್ಟನೆ ಕೇಳಿದಳು: "ನಿಮ್ಮ ಬಾಗಿಲ ಮೇಲೂ 'ನಿರ್ದೇಶಕರು' ಅಂತಿದೆಯಲ್ಲಪ್ಪ. ಹಾಗಾದ್ರೆ ಆ ಕುರ್ಚೀಲಿ ನಾನೂ ಕೂತ್ಕೋಬಹುದಾ? ಸ್ವಲ್ಪ ಸರ್ಕೋ."

ನೀವು ಸರಿಯಲಿಲ್ಲ. "ನಿಮ್ಮದೇ ದನಿ ಅನ್ನೋದಕ್ಕೆ ಸಾಕ್ಷಿ ಏನು? ಎಲ್ಲಿ, ನರಿ ಹಾಗೆ ನಗಿ ನೋಡೋಣ" ಎಂದಿರಿ. ಅಜ್ಜಿ ಬೆನ್ನು ನೆಟ್ಟಗೆ ಮಾಡಿಕೊಂಡು ಬಾಯಿ ತೆರೆದಳು. ಕೆಮ್ಮು ಬಂತು. ಸುಧಾರಿಸಿಕೊಂಡು ಮತ್ತೆ ತೆರೆದಳು. ಮತ್ತೂ ಕೆಮ್ಮೇ. "ಆಯ್ತು, ಆಯ್ತು" ಎಂದು ನೀವು ಬಾಗಿಲ ಕಡೆ ಕೈ ತೋರಿಸಿದಿರಿ.

ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನವನಿಗೂ ಕೇಳಲೆಂದು ಕೂಗಿ ಕೂಗಿ ಸವೆದ ಗಂಟಲು ಅದು. ಆ ಕೆಮ್ಮೇ ಸಾಕ್ಷಿಯಾಗಿತ್ತು. ಹಲ್ಲಿನ ಗುರುತಿಗೆ ದೀಪ ಹಾಕಿಸುವಷ್ಟು ಸೂಕ್ಷ್ಮದೃಷ್ಟಿಯುಳ್ಳ ತಮಗೆ ಅದು ಹೇಗೆ ತಪ್ಪಿಹೋಯಿತು? ಇಬ್ಬರೂ ಒಂದೇ ಪರದೆಯ ಹಿಂದೆ ಇದ್ದವರು. ಒಬ್ಬರು ಮಾತ್ರ ತಮಗೆ ಕಂಡದ್ದು ಯಾವ ಶಾಸ್ತ್ರದ ಕನ್ನಡಕದಿಂದ? ಈಗ ಆ ದನಿ ಉಳಿದಿರುವುದು ನಿಮ್ಮ ಪೆಟ್ಟಿಗೆಯಲ್ಲಿ ಮಾತ್ರ. ಅವಳಿಗೆ ಬೇಕೆಂದರೂ ನಿಮ್ಮಲ್ಲಿಗೆ ಬಂದು, ಸರದಿಯಲ್ಲಿ ನಿಂತು, ಗುಂಡಿ ಒತ್ತಿಯೇ ಕೇಳಬೇಕು. ಅದಕ್ಕೂ ಬೇರೆಯವರ ಹೆಸರು ಅಂಟಿಸಿದರೆ ಅವಳು ಬದುಕಿನಲ್ಲಿ ಮಾಡಿದ್ದು ಏನು, ಮಣೆಯ ಮೇಲೆ ಕೂತದ್ದೇ?

ಸಿಟ್ಟಿನಲ್ಲಿ ನಾನು ದಾರಿಯುದ್ದಕ್ಕೂ, "ಆ ಗುಂಡೀನೇ ಕೀಳಿಸ್ತೀನಿ ನೋಡಜ್ಜಿ" ಎನ್ನುತ್ತಿದ್ದೆ. "ಬೇಡ ಕಣೇ, ಮಕ್ಕಳು ನಗ್ತಿದ್ವು" ಎಂದಳು.

ಆದ್ದರಿಂದ ಗುಂಡಿ ಇರಲಿ. ಆ ಎರಡನೆಯ ಬೋರ್ಡನ್ನು ಇಳಿಸಿ, ದನಿ ಇವಳದು ಎಂದು ಅಜ್ಜಿಯ ಹೆಸರು ಹಾಕಿಸಿ. ಏಕವಚನದಲ್ಲಿ ಬರೆದರೂ ನಮ್ಮ ತಕರಾರಿಲ್ಲ. ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನೀವೇ ನಮ್ಮ ಮನೆಗೆ ಬಂದು, ಅವಳನ್ನೇ ಕೇಳಿ ಬರೆದುಕೊಳ್ಳಬೇಕು. ಹತ್ತಿರ ಕೂತು, ಬಗ್ಗಿ ಕೇಳಿ. ಮೊದಲ ಸಲಕ್ಕೆ ತಿಳಿಯದಿದ್ದರೆ ಇನ್ನೊಂದು ಸಲ ಕೇಳಿ. ಅವಳು ಹೇಳುತ್ತಾಳೆ.

ಇಂತಿ,
ಅಂದು ನಿಮ್ಮ ಕೊಠಡಿಯಲ್ಲಿ ತುಟಿ ಬಿಚ್ಚದೆ ನಿಂತಿದ್ದ ಮೊಮ್ಮಗಳು