ಮೈದಾ, ಭಾವಮೈದ ಮತ್ತು ಕಸದ ಪುಸ್ತಕ

ನನಗಿದ್ದ ಒಬ್ಬರೇ ಒಬ್ಬ ಭಾವನವರಿಗೆ,

ನಿಮ್ಮ ಭಾವಮೈದ ಕಂಠಿ ಮಾಡುವ ನಮಸ್ಕಾರ. ಕ್ಷೇಮಸಮಾಚಾರಕ್ಕೆ ಮೊದಲು ಒಂದು ತಪ್ಪೊಪ್ಪಿಗೆ. ಎಂ.ಎ. ಪದವೀಧರನೂ, ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅಧ್ಯಾಪಕನೂ, ಇದುವರೆಗೆ ಯಾವ ಪೊಲೀಸ್ ಠಾಣೆಯ ಮೆಟ್ಟಿಲನ್ನೂ ಹತ್ತದವನೂ ಆದ ನಾನು, ಈಚೆಗೆ ಒಂದು ಭಾನುವಾರ ಗೋವಿಂದರಾಜನಗರದ ನಿಮ್ಮ ಮನೆಯಲ್ಲಿ, ಒಡಹುಟ್ಟಿದ ಅಕ್ಕನ ಹಳೆಯ ರೇಷ್ಮೆ ಸೀರೆಯಿಂದ ಒಂದು ಗೇಣು ಜರಿ ಅಂಚನ್ನು ಕತ್ತರಿಸಿ ಕದ್ದಿರುತ್ತೇನೆ. ಸ್ಟೀಲ್ ಪಾತ್ರೆಯವಳಿಗೆ ಹಾಕಿ ಒಂದು ಒಳ್ಳೆಯ ಕೊಳಗ ತೆಗೆದುಕೊಳ್ಳಬೇಕೆಂದು ಅವಳು ಎತ್ತಿಟ್ಟಿದ್ದ ಸೀರೆ. ಕದ್ದದ್ದು ಹಾಡಹಗಲಿನಲ್ಲಿ. ಸಿಕ್ಕಿಬೀಳಬೇಕೆಂದೇ ಕೆಮ್ಮಿದ್ದೆ, ಟ್ರಂಕಿನ ಮುಚ್ಚಳವನ್ನು ಎರಡು ಸಲ ಢಣ್ ಎನಿಸಿದ್ದೆ.

ಅಕ್ಕ ಅಡುಗೆಮನೆಯಿಂದ ಬಂದಳು, ನೋಡಿದಳು. "ಆ ಕಡೆ ಜರಿ ಕಪ್ಪಾಗಿದೆ ಕಣೋ, ಈ ಕಡೆ ಅಂಚು ತಗೋ" ಎಂದಳು. ಹರಿತವಾದ ಕತ್ತರಿಯನ್ನೂ ತಂದು ಕೈಗೆ ಕೊಟ್ಟಳು.

ಭಾವ, ಬೈಗುಳಕ್ಕೆ ಕಾದಿದ್ದವನ ಕೈಗೆ ಕತ್ತರಿ ಬಂತು. ನಿಮ್ಮ ಪುಸ್ತಕಕ್ಕೆ ಅಂಟಿಸಲು ನೀವು ಎರಡು ಬೆರಳಗಲ ರವಿಕೆ ಬಟ್ಟೆ ಕತ್ತರಿಸಿಕೊಂಡಿದ್ದಕ್ಕೆ ಪಕ್ಕದ ಮನೆ ಸುಶೀಲಮ್ಮನವರು ರೇಡಿಯೊ ಆರಿಸಿ ಕೇಳುವಷ್ಟು ಸೊಗಸಾಗಿ ಬೈದವಳು ಇದೇ ಅಕ್ಕ ಅಲ್ಲವೇ? ನೀವು ಹೋದ ಮೇಲೆ ಅವಳು ನಿಧಾನವಾಗಿ ಅಳುವುದನ್ನು ನಿಲ್ಲಿಸಿದಳು. ಸರಿ, ಒಳ್ಳೆಯದೇ. ಆದರೆ ಬೈಯುವುದನ್ನೂ ನಿಲ್ಲಿಸಿಬಿಟ್ಟಳು. ಹಾಲಿನವನು ನೀರು ಬೆರೆಸಿದರೆ "ಇರಲಿ ಬಿಡಪ್ಪ", ಮಗಳು ಮಂಜು ಲೆಕ್ಕದಲ್ಲಿ ಕಡಿಮೆ ಅಂಕ ತಂದರೆ "ಪರವಾಗಿಲ್ಲಮ್ಮ". ಈ ಮನೆಯಲ್ಲಿ ಅಕ್ಕಿಗೆ, ಸೀಮೆಎಣ್ಣೆಗೆ ಅಭಾವವಿಲ್ಲ, ಭಾವ ಒಬ್ಬರದೇ ಅಭಾವ. ಅದು ಅವಳ ಗಂಟಲಲ್ಲಿ ಹೋಗಿ ಕೂತುಬಿಟ್ಟಿದೆ. ನಿಮ್ಮ ಮಗಳು ವಿಜಯನಗರದ ನಮ್ಮ ಮನೆಗೆ ಓಡಿಬಂದು ಹೇಳಿದ್ದು ಇಷ್ಟೇ: "ಮಾಮ, ಅಮ್ಮ ಬೈತಾನೇ ಇಲ್ಲ ಮಾಮ. ನಂಗೆ ಭಯ ಆಗ್ತಿದೆ."

ನಿಮ್ಮ ಪುಸ್ತಕವನ್ನು ನಾನು ಮೊದಲು ನೋಡಿದ ದಿನ ನೆನಪಿದೆಯೇ? ನಿಮ್ಮ ಮದುವೆಯಾಗಿ ಇನ್ನೂ ಮಾವಿನ ತೋರಣ ಒಣಗಿರಲಿಲ್ಲ. ನೀವು ಹೆಣ್ಣು ನೋಡಲು ಬಂದ ದಿನದ್ದೆಂದು ಒಂದು ಪುಟ ತೋರಿಸಿದಿರಿ. ನಮ್ಮಮ್ಮ ಕೊಟ್ಟ ಕಾಫಿಯ ಲೋಟವನ್ನು ನೀವು ಒಂದು ಕಾಗದದ ಮೇಲಿಟ್ಟು, ಯಾರೂ ನೋಡದಾಗ ಆ ಕಾಗದವನ್ನು ಜೇಬಿಗಿಳಿಸಿದ್ದಿರಂತೆ. ಲೋಟದ ತಳದ ದುಂಡನೆಯ ಕಲೆ ಅಲ್ಲಿ ಸೂರ್ಯನಾಗಿತ್ತು. ಕೆಳಗೆ ಸ್ವೀಟಿನ ಡಬ್ಬಿಯ ಚಿನ್ನದ ಕಾಗದದಲ್ಲಿ ಕತ್ತರಿಸಿದ ಪುಟ್ಟ ಮನೆ, ಬಸ್ ಟಿಕೆಟ್ಟಿನ ಬಾಗಿಲು. "ಭಾವ, ಇದೇನು ದಿನಚರಿಯಾ?" ಎಂದೆ. "ಎಲ್ರೂ ದಿನಚರೀಲಿ ಬರೀತಾರೆ ಕಣೋ ಕಂಠಿ, ನಾನು ಅಂಟಿಸ್ತೀನಿ. ಬರೆದ್ರೆ ಸುಳ್ಳು ಸೇರ್ಕೊಳ್ಳುತ್ತೆ, ಅಂಟಿಸಿದ್ರೆ ಗೋಂದು ಮಾತ್ರ ಸೇರೋದು." ಒಳಗಿನಿಂದ ಹೊಸ ಮದುವಣಗಿತ್ತಿಯ ದನಿ ಬಂತು: "ಅದು ಕಸದ ಪುಸ್ತಕ ಕಣೋ!" ಅವತ್ತಿನಿಂದ ಅದಕ್ಕೆ ಅದೇ ಹೆಸರು.

ಆ ಪುಸ್ತಕ ಕಟ್ಟುವುದೇ ಒಂದು ಸಂಸಾರವಾಗಿತ್ತು. ನೀವು ನಾಯಂಡಹಳ್ಳಿಯ ರಟ್ಟಿನ ಪೆಟ್ಟಿಗೆಯವರ ಹತ್ತಿರ ಅಂಚು ಕತ್ತರಿಸಿ ಬಿಸಾಡಿದ ಕಾಗದವನ್ನು ಹೊರೆಗಟ್ಟಲೆ ಸೈಕಲ್ಲಿನಲ್ಲಿ ತರುತ್ತಿದ್ದಿರಿ. ದಬ್ಬಳದಲ್ಲಿ ಗೋಣಿದಾರ ಪೋಣಿಸಿ ಹೊಲಿಯುತ್ತಿದ್ದಿರಿ. ಭಾನುವಾರ ತಿಂಡಿಯಾದ ಮೇಲೆ ಸ್ಟವ್ ಮೇಲೆ ಮೈದಾ ಗೋಂದು. ಜಿರಲೆ ತಿನ್ನಬಾರದೆಂದು ಅದಕ್ಕೆ ಚಿಟಿಕೆ ಮೈಲುತುತ್ತ. ನಿಮ್ಮನ್ನು ಜೀವಮಾನವಿಡೀ ಬಿಡದೆ ಅಂಟಿಕೊಂಡದ್ದು ಎರಡೇ ನೋಡಿ, ಒಂದು ಮೈದಾ, ಇನ್ನೊಂದು ಭಾವಮೈದ.

"ರೀ, ವಿಷ ಹಾಕಿ ಕುದಿಸ್ತಿದೀರಲ್ರೀ! ಅದು ಸಾರಿನ ಪಾತ್ರೆ!"

"ಹಳೇದು ಕಣೇ."

"ಹಳೇದಂತೆ! ಹಾಗಾದ್ರೆ ಹಳೇ ಹೆಂಡ್ತೀನೂ ಹಾಕಿ ಕುದಿಸಿಬಿಡಿ!"

ಒಂದು ಮಳೆಯ ಮಧ್ಯಾಹ್ನ ನೀವು ಖಾಲಿ ಹಾಳೆಯ ಮೇಲೆ ಮೇಣದಬತ್ತಿಯಿಂದ ಏನೋ ಗೀಚಿದಿರಿ. ಏನೂ ಕಾಣಲಿಲ್ಲ. ಬಟ್ಟೆಗೆ ಹಾಕುವ ನೀಲಿಯನ್ನು ನೀರಿನಲ್ಲಿ ಕಲಸಿ ಮೇಲೆ ಬಳಿದಾಗ ಮೇಣವಿದ್ದ ಕಡೆಯೆಲ್ಲ ನೀಲಿ ಜಾರಿಹೋಯಿತು. ಬೆಳ್ಳಗೆ ಎದ್ದುಬಂದದ್ದು ನಿಮ್ಮದೇ ಬೀದಿ, ಲೈಟ್ ಕಂಬ, ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ಜಗಳಕ್ಕೆ ನಿಂತ ಒಬ್ಬ ಹೆಂಗಸು. ಆ ಹೆಂಗಸು ಯಾರೆಂದು ಕೇಳುವ ಧೈರ್ಯ ನನಗೆ ಇರಲಿಲ್ಲ. ಅಕ್ಕ ಬಗ್ಗಿ ನೋಡಿ, "ನನ್ನ ಸೊಂಟ ಅಷ್ಟು ದಪ್ಪ ಇದೆಯಾ?" ಎಂದಳು.

ಇನ್ನೊಂದು ಸಲ ಅರಿಶಿನ ಬಳಿದ ಹಾಳೆಯ ಮೇಲೆ ಸುಣ್ಣದ ತಿಳಿಯಲ್ಲಿ ಅದ್ದಿದ ಕುಂಚ ಎಳೆದಿರಿ. ಎಳೆದ ಕಡೆಯೆಲ್ಲ ಹಳದಿ ಕೆಂಪಾಯಿತು. ನಾನು ಬಾಯಿ ಬಿಟ್ಟೆ. "ಆರತಿ ತಟ್ಟೆ ನೋಡಿಲ್ವೇನೋ ಯಾವತ್ತೂ? ಅರ್ಥಶಾಸ್ತ್ರದ ಮೇಷ್ಟ್ರಿಗೆ ಇಷ್ಟೂ ಅರ್ಥ ಆಗಲ್ವಾ?" ಎಂದಿರಿ. ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಪುಟ ಮುಗಿಯುವ ತನಕ ಬೈಯುತ್ತಲೇ ಇದ್ದಳು. "ಆ ಟಿಕೆಟ್ ಸೊಟ್ಟಗಿದೆ, ಕಣ್ಣು ಕಾಣಲ್ವಾ?" ನೀವು ನೆಟ್ಟಗೆ ಮಾಡುತ್ತಿದ್ದಿರಿ. "ಅಷ್ಟೊಂದು ಕೆಂಪು ಬಳಿದ್ರೆ ಏನು ಕುರಿ ಕಡಿದ್ರಾ ಅಂತಾರೆ." ನೀವು ಕೆಂಪು ಕಡಿಮೆ ಮಾಡುತ್ತಿದ್ದಿರಿ. ಅವಳು ಬೈಯದ ಒಂದು ಪುಟವಾದರೂ ಆ ಪುಸ್ತಕದಲ್ಲಿ ಇದೆಯೇ, ಭಾವ? ನನಗಂತೂ...

ಈಗ ಅದು ಬೀರುವಿನ ಮೇಲಿನ ಖಾನೆಯಲ್ಲಿದೆ. ಅಕ್ಕ ಆಗಾಗ ಇಳಿಸಿ, ಒರೆಸಿ, ತೆರೆಯದೆ ಮತ್ತೆ ಮೇಲಿಡುತ್ತಾಳೆ. ಗೋಡೆಯ ಮೇಲೆ ನಿಮ್ಮದೊಂದು ಭಾವಚಿತ್ರ ಹಾಕಿದ್ದೇವೆ. ಅದರಲ್ಲಿ ಭಾವ ಇದ್ದಾರೆ, ಭಾವವಿಲ್ಲ. ಸ್ಟುಡಿಯೊದವನು ನಗಬೇಡಿ ಎಂದಿದ್ದಿರಬೇಕು.

ಹಾಗಾಗಿ ನಾನೂ ಮಂಜುವೂ ಒಂದು ಉಪಾಯ ಹೂಡಿದೆವು. ಪ್ರತಿ ಭಾನುವಾರ ನಿಮ್ಮ ಮನೆಗೆ ಹೋಗಿ, ಅಕ್ಕನ ಕಣ್ಣೆದುರೇ ನಾನೊಂದು ಕಸದ ಪುಸ್ತಕ ಮಾಡುವುದು, ಅವಳು ಬೈಯುವ ತನಕ ಅವಳ ಸಾಮಾನು ಹಾಳು ಮಾಡುವುದು. ಹುಳಿಗೆ ತಂದ ಬೆಂಡೆಕಾಯಿ ಕತ್ತರಿಸಿ ಕುಂಕುಮದಲ್ಲಿ ಅದ್ದಿ ಹೂವಿನ ಮುದ್ರೆ ಒತ್ತಿದೆ. "ಹುಳಿಗೆ ಬೇರೆ ತರಕಾರಿ ಇದೆ" ಎಂದಳು. ಮೊದಲ ಡಿಕಾಕ್ಷನ್ ಪೂರ್ತಿ ಸುರಿದು ಹಾಳೆಗೆ ಹಳೆಯ ಕಾಲದ ಬಣ್ಣ ಬರಿಸಿದೆ. ಮೊದಲ ಡಿಕಾಕ್ಷನ್, ಭಾವ! "ಇನ್ನೊಂದ್ಸಲ ಹಾಕ್ತೀನಿ ಬಿಡೋ" ಎಂದಳು. ಜರಿಯ ಕಥೆ ಹೇಳಿಯಾಯಿತು. ಒಮ್ಮೆ ಮಂಜು ತಡೆಯಲಾರದೆ, "ಅಮ್ಮ, ಮಾಮ ನಿನ್ನ ರಂಗೋಲಿ ಪುಡಿ ಡಬ್ಬಾನೇ ಖಾಲಿ ಮಾಡ್ದ!" ಎಂದು ಚಾಡಿ ಹೇಳಿದಳು. ಅಕ್ಕ ನನ್ನ ಕಡೆ ನೋಡಿ ಕೇಳಿದ್ದು, "ಸಾಕಾಯ್ತೇನೋ?"

ಬೈಗುಳ ಬರಲಿಲ್ಲ. ಆದರೆ ನಡುವೆ ಎಲ್ಲೋ ಒಂದು ಎಡವಟ್ಟಾಯಿತು. ನನಗೆ ಪುಸ್ತಕದ ಹುಚ್ಚೇ ಹಿಡಿಯಿತು. ಪಾಠ ಮಾಡುವಾಗಲೂ ಬೆರಳಿನ ಗೋಂದು ಕೆರೆದುಕೊಳ್ಳುತ್ತಿದ್ದೆ. ಊದುಬತ್ತಿ ಕೊಳವೆಯ ಚಿತ್ರ, ಬೆಂಕಿಪೊಟ್ಟಣದ ಲೇಬಲ್, ಈರುಳ್ಳಿ ಸಿಪ್ಪೆ, ಹಳೆಯ ಲಗ್ನಪತ್ರಿಕೆಯ ಗಣಪತಿ, ಎಲ್ಲವೂ ನನ್ನ ಜೇಬಿಗೆ. ನಮ್ಮವಳು ಪ್ಯಾಂಟ್ ಒಗೆಯುವ ಮೊದಲು ಜೇಬು ಜಾಲಾಡಿ, "ರೀ, ಈ ಸಿಪ್ಪೆ ಎಸೀಲಾ, ಇಲ್ಲ ಫ್ರೇಮ್ ಹಾಕಿಸ್ಲಾ?" ಎಂದು ಕೇಳುವಷ್ಟಾಯಿತು. ಒಂದು ವಿಷಯ ಮಾತ್ರ ಎದೆತಟ್ಟಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಪುಟ ತಿರುಗಿಸಿದರೆ ರಂಗೋಲಿ ಉದುರುತ್ತಿತ್ತು, ಜರಿ ನೇತಾಡುತ್ತಿತ್ತು. ನನ್ನದರಲ್ಲಿ ಒಂದು ಕಣ ಉದುರಲಿಲ್ಲ. ನೀವು ಒಂದು ಪದರ ಗೋಂದು ಬಳಿದ ಕಡೆ ನಾನು ಮೂರು ಪದರ ಬಳಿದಿದ್ದೆ.

ಪುಸ್ತಕ ಮುಗಿದದ್ದಕ್ಕೆ ಹೋದ ಭಾನುವಾರ ಬಿಡುಗಡೆ ಸಮಾರಂಭ. ಹಜಾರದಲ್ಲಿ ಚಾಪೆ, ಕೋಡುಬಳೆ, ಕಾಫಿ. ಸುಶೀಲಮ್ಮ ಟೀವಿಯ ಸಿನಿಮಾ ಬಿಟ್ಟು ಬಂದಿದ್ದರು, ಅದೇನು ಸಣ್ಣ ತ್ಯಾಗವೇ? ಕ್ರಾಸಿನ ಇನ್ನೂ ನಾಲ್ಕಾರು ಹೆಂಗಸರಿದ್ದರು. ನಾನು ಪುಸ್ತಕವನ್ನು ರೇಷ್ಮೆ ವಸ್ತ್ರದಿಂದ ಹೊರತೆಗೆದು ಅಕ್ಕನ ಕೈಗಿಟ್ಟು, "ಮೊದಲ ಪುಟ ನೀನೇ ತೆರೀಬೇಕು" ಎಂದೆ.

ಅಕ್ಕ ರಟ್ಟು ಎತ್ತಹೋದಳು. ಏಳಲಿಲ್ಲ. ಪಕ್ಕದಿಂದ ಉಗುರು ಹಾಕಿದಳು. ನಡುವಿನಿಂದ ಹಿಡಿದು ಜಗ್ಗಿದಳು. ಕಿವಿಯ ಹತ್ತಿರ ಇಟ್ಟು ಬೆರಳಿನಿಂದ ತಟ್ಟಿ ನೋಡಿದಳು, ತೆಂಗಿನಕಾಯಿ ನೋಡುವ ಹಾಗೆ. ನನ್ನ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎಲ್ಲವೂ ಒಂದಕ್ಕೊಂದು ಕಚ್ಚಿಕೊಂಡು ಏಕಶಿಲೆಯಾಗಿತ್ತು. ಹಜಾರದಲ್ಲಿ ಯಾರೋ ಕೋಡುಬಳೆ ಕಡಿಯುತ್ತಿದ್ದದ್ದು ನಿಂತಿತು.

"ಲೋ ಕಂಠಿ!"

ಆಹಾ, ಭಾವ. ಆ 'ಲೋ' ಕೇಳಿ ಎಷ್ಟು ದಿನವಾಗಿತ್ತು!

"ಮೂರು ಸೇರು ಮೈದಾ ಸುರಿದು ಇಟ್ಟಿಗೆ ಮಾಡಿದೀಯಲ್ಲೋ! ನನ್ನ ಬೆಂಡೆಕಾಯಿ, ನನ್ನ ಡಿಕಾಕ್ಷನ್, ನನ್ನ ಜರಿ! ಕೊಳಗ ಬರ್ತಿತ್ತು ಕಣೋ ಆ ಸೀರೆಗೆ! ಮಕ್ಕಳಿಗೆ ಪಾಠ ಮಾಡ್ತಾನಂತೆ, ಇವನಿಗೆ ಒಂದು ಪುಟ ಒಣಗಿಸೋಕೆ ಬರಲ್ಲ! ಅವರು ಒಂದು ಹಾಳೆ ಮಾಡಿದ್ರೆ ಎರಡು ದಿನ ಹಗ್ಗದ ಮೇಲೆ ಒಣಗಾಕೋರು, ನೋಡಿಲ್ವಾ ನೀನು? ಕಣ್ಣು ಎಲ್ಲಿಟ್ಕೊಂಡಿದ್ದೆ?"

ಮಂಜು ಅಡುಗೆಮನೆಗೆ ಓಡಿದಳು, ನಗುವುದಕ್ಕೋ ಅಳುವುದಕ್ಕೋ ನನಗೆ ತಿಳಿಯಲಿಲ್ಲ. ಅಕ್ಕ ಅಷ್ಟಕ್ಕೇ ನಿಲ್ಲಿಸಲಿಲ್ಲ. ಬೈಯುತ್ತಲೇ ಸ್ಟೂಲ್ ಎಳೆದು, ಬೀರುವಿನ ಮೇಲಿನ ಖಾನೆಯಿಂದ ನಿಮ್ಮ ಪುಸ್ತಕ ಇಳಿಸಿ, ಚಾಪೆಯ ನಡುವೆ ಕೂತು ತೆರೆದೇಬಿಟ್ಟಳು. "ನೋಡಿ ಸುಶೀಲಮ್ಮ, ಪುಸ್ತಕ ಅಂದ್ರೆ ಇದು. ಇದಕ್ಕೆ ಮೊದಲು ಮೇಣದಬತ್ತಿ ಉಜ್ಜಬೇಕು, ಆಮೇಲೆ ನೀಲಿ. ಇದು ಅರಿಶಿನ, ಮೇಲೆ ಸುಣ್ಣ..." ಪ್ರತಿ ಪುಟದ ಹಿಂದಿನ ಕೈಚಳಕ ಅವಳಿಗೆ ಬಾಯಿಪಾಠ. ತಿರುಗಿಸುವಾಗ ಒಂದಿಷ್ಟು ರಂಗೋಲಿ ಮಡಿಲಿಗೆ ಉದುರಿತು. ಕೊಡವಿಕೊಳ್ಳುತ್ತ, "ಇವ್ರೂ ಅಷ್ಟೇ, ಗೋಂದು ಉಳಿಸೋ ಜಿಪುಣ" ಎಂದು ನಿಮಗೂ ಎರಡು ಬೈದಳು. ನಿಮಗೆ ಕೇಳಿಸಿರಬೇಕು, ಕ್ರಾಸಿನ ಕೊನೆಯ ಮನೆಯವರಿಗೇ ಕೇಳಿಸಿದೆ.

ಹೊರಡುವಾಗ ಮಂಜು ಗೇಟಿನ ತನಕ ಬಂದಳು. "ಮಾಮ, ಅಮ್ಮ ಬೈಲಿ ಅಂತ ಬೇಕೂಂತ್ಲೇ ಒಣಗಿಸ್ಲಿಲ್ಲ ಅಲ್ವಾ? ಏನ್ ತಲೆ ಮಾಮ ನಿಂದು!" ನಾನು ಕನ್ನಡಕ ಸರಿಮಾಡಿಕೊಂಡು ಗಂಭೀರವಾಗಿ ಮುಗುಳ್ನಕ್ಕೆ. ಈಗ ಇಡೀ ಗೋವಿಂದರಾಜನಗರದಲ್ಲಿ ನಾನು ಚಾಣಾಕ್ಷ. ಅಕ್ಕನನ್ನು ಮತ್ತೆ ಅಕ್ಕನನ್ನಾಗಿ ಮಾಡಿದ ಮಹಾನುಭಾವ. ಸುಶೀಲಮ್ಮ ಕೈ ಮುಗಿದರು. ನಮ್ಮವಳೂ ಆ ದಿನ ಒಂದು ಹಪ್ಪಳ ಜಾಸ್ತಿ ಹಾಕಿದಳು.

ಆದರೆ ನಿಮ್ಮ ಹತ್ತಿರ ಹೇಗೆ... ಭಾವ, ಬೇಕೂಂತ ಅಲ್ಲ. ಅದು ಒಣಗಿದೆ ಎಂದೇ ನಾನು ತಿಳಿದಿದ್ದೆ. ಹಸಿ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ, ಸಪಾಟಾಗಲಿ ಎಂದು ಮೇಲೆ ರುಬ್ಬುವ ಗುಂಡು ಇಟ್ಟವನು ನಾನೇ. ಪುಟ ತೆರೆದ ಮೇಲೆ ಆ ಹೆಂಗಸರೆಲ್ಲ ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರ ಉರುಹೊಡೆದುಕೊಂಡು, ಇಸ್ತ್ರಿ ಮಾಡಿಸಿದ ಜುಬ್ಬ ತೊಟ್ಟು ಹೋಗಿದ್ದೆ.

ನಿಮ್ಮ,
ಕಂಠಿ