ಅತ್ತೆಯವರ ಕುರ್ಚಿಗೆ ಗಾಲಿ

ರೀ,

ಬೊಮ್ಮಸಂದ್ರದ ಬಸ್ಸಿಗೆ ಹೊತ್ತಾಯ್ತು, ನಿಮ್ಮನ್ನು ಎಬ್ಬಿಸಲಿಲ್ಲ. ಅನ್ನ, ಸಾರು ಒಲೆ ಮೇಲಿದೆ. ಅತ್ತೆಯವರ ಮಂಡಿಗೆ ಎಣ್ಣೆ ಹಚ್ಚಿ.

ನೆಲದಲ್ಲಿ ಕೂತರೆ ಏಳೋಕಾಗದ ಅವರಿಗೆ ನಾಲ್ಕು ಕಾಲಿನ ಗಟ್ಟಿ ಕುರ್ಚಿ ತನ್ನಿ ಅಂತ ಅಂಗಡಿಗೆ ಕಳಿಸಿದೆ. ನೀವು ವಿಡಿಯೋ ಗೇಮ್ ಆಡೋರ ಗಾಲಿ ಕುರ್ಚಿ ತಂದಿರಿ. ಕೇಳಿದರೆ, "ಆಫರ್ ಇತ್ತು, ಇಬ್ಬರಿಗೂ ಆಗ್ತದ ಬಿಡು" ಅಂದಿರಿ. ನಿನ್ನೆ ಅವರು ಕೂರಲು ಹೋದಾಗ ಅದು ಹಿಂದಕ್ಕೆ ಸರಿಯಿತು. ನಾನು ಹಿಡಿಯದಿದ್ದರೆ ಸೊಂಟ ಮುರೀತಿತ್ತು. ಆಮೇಲೆ ಊಟ ನಿಂತುಕೊಂಡೇ ಮಾಡಿದರು. ನಿಮ್ಮ ಕಿವಿಗೆ ಹೆಡ್‌ಫೋನ್ ಇತ್ತು, ಗೊತ್ತಾಗಲಿಲ್ಲ.

ಈಗಷ್ಟೇ ಅತ್ತೆಯವರು ಬಾಗಿಲಲ್ಲಿ ನಿಂತು ಪಕ್ಕದ ಮನೆ ಶೈಲಾಗೆ ಹೇಳ್ತಿದ್ದರು: "ನೋಡವ್ವ, ನನ್ನ ಮಗ ಸಾಹೇಬರು ಕೂಡುವಂಥ ಕುರ್ಚಿ ತಂದಾನ ನನಗ." ಶೈಲಾ ನನ್ನ ಮುಖ ನೋಡಿದಳು. ನಾನು ಹೌದು ಅಂದೆ.

ಆ ಮಾತು ಸುಳ್ಳಾಗದ ಹಾಗೆ ನೋಡಿಕೊಳ್ಳಿ. ಅಂಗಡಿಯವನು ವಾಪಸ್ ತಗೊಳ್ಳಲ್ಲವಂತೆ. ಗಾಲಿಗಳನ್ನೆಲ್ಲ ಕಿತ್ತು, ಕುರ್ಚಿಯನ್ನು ಗೋಡೆಗೆ ಒತ್ತಿಡಿ.

ಆಟ ಆಡೋಕೆ ಚಾಪೆ ಇದೆ. ನಿಮಗಿನ್ನೂ ನೆಲದಿಂದ ಏಳೋಕಾಗುತ್ತಲ್ಲ.

ಸುಮಂಗಲಾ